ನಿಂಬೆವ್ವನ ಖಾನಾವಳಿಯ ಎಣಗಾಯಿ

ಹೂಂ ಅನ್ರಿ, ಹೇಳ್ತೀನಿ. ನೀವು ಹೂಂ ಅನ್ನೋದು ಬಿಟ್ರ ನಾನೂ ಹೇಳೋದು ಬಿಡ್ತೀನಿ, ಅಷ್ಟ.

ಒಂದು ಕಾಲದಾಗ ಒಂದು ನಾಡಿತ್ತು. ಯಾವ ನಾಡು ಅಂತ ಕೇಳಬ್ಯಾಡ್ರಿ, ನನಗ ಹೇಳಿದವರೂ ಹೆಸರು ಹೇಳಲಿಲ್ಲ. ಆ ನಾಡಿನ್ಯಾಗ ಮೂರು ದಾರಿ ಕೂಡೋ ಕಡೆ ಒಂದು ಖಾನಾವಳಿ. ಖಾನಾವಳಿ ಅಂದ್ರ ಮತ್ತೇನಲ್ಲ, ಅದ ಅವರ ಮನಿ. ಪಡಸಾಲ್ಯಾಗ ದಾರಿಹೋಕರು ಸಾಲಾಗಿ ಊಟಕ್ಕ ಕೂಡ್ತಿದ್ರು. ಒಳಗ ಒಲಿ ಮುಂದ ನಿಂಬೆವ್ವ ರೊಟ್ಟಿ ಬಡೀತಿದ್ಲು. ಸೊಸಿ ಪಾರವ್ವ ಪಲ್ಯಾ ನೋಡ್ಕೋತಿದ್ಲು. ಗಂಡ ಮುದಕಪ್ಪ ನೀರು ತರ್ತಿದ್ದ, ಕಟ್ಟಿಗಿ ಒಡೀತಿದ್ದ, ಬಂದವರನ್ನ ಮಾತಾಡಸ್ತಿದ್ದ. ಮಗ ಎಲ್ಲಿ ಅಂತೀರಿ? ಜ್ವಾಳ ತರಾಕ ಪ್ಯಾಟಿಗೆ ಹೋಗ್ಯಾನ. ನಮ್ಮ ಕತಿಯೊಳಗ ಅವನ ಕೆಲಸಿಲ್ಲ, ಬಿಡ್ರಿ.

ಆ ಮನಿಗೊಂದು ನೇಮ ಇತ್ತು. ಬಂದವರು ಉಂಡು ಏಳೂತನಕ ಮನಿಯವರು ಒಂದು ಅಗಳೂ ಬಾಯಿಗೆ ಹಾಕಬಾರದು. ಉಪ್ಪು ಸೈತ ನೋಡಬಾರದು. ನಿಂಬೆವ್ವನ ಅತ್ತಿ ಸಾಯೋ ಹೊತ್ತಿನ್ಯಾಗ ಈಕಿ ಕೈಯನ್ನ ಒಲಿ ಮ್ಯಾಲೆ ಇಡಿಸಿ ಆಣಿ ತಗೊಂಡಿದ್ಲು. "ಬಂದವರಿಗಿಂತ ಮೊದಲು ಈ ಕೈ ಎಂಜಲಾತಂದ್ರ ಅವತ್ತ ಈ ಒಲಿ ಆರಿಸಿಬಿಡು. ಮತ್ತ ಹಚ್ಚಬ್ಯಾಡ." ರುಚಿ ನೋಡದ ಹೆಂಗ ಅಡಗಿ ಮಾಡ್ತಿದ್ರು? ಕುದಿಯೋ ವಾಸನಿ ಮ್ಯಾಲೆ ಮಾಡ್ತಿದ್ರು, ಕೈ ಅಳತಿ ಮ್ಯಾಲೆ ಮಾಡ್ತಿದ್ರು. ಅಲ್ಲೀತನಕ ಒಂದು ದಿನಾನೂ ತಪ್ಪಿರಲಿಲ್ಲ.

ಈಗ ಕೇಳ್ರಿ. ಒಂದಿನ ಮಧ್ಯಾಹ್ನ ಕುದುರಿ ಮ್ಯಾಲೆ ಒಬ್ಬ ಸಿಪಾಯಿ ಧೂಳೆಬ್ಬಿಸ್ಕೋತ ಬಂದ. "ದೊರಿ ಬರ್ತಾನ. ಇಲ್ಲೇ ಊಟ" ಅಂದ. ಮನಿಯವರ ಎದಿ ಧಸಕ್ ಅಂತು. ಯಾಕ? ಆ ದೊರಿ ಸಾಮಾನ್ಯದಾಂವ ಅಲ್ಲ. ಅವನ ತಮ್ಮ ಉಣಕೋತ ಕುಂತಲ್ಲೇ ವಿಷಕ್ಕ ಸತ್ತಿದ್ದ. ಅವತ್ತಿಂದ ದೊರಿಗೆ ಅನ್ನ ಕಂಡ್ರ ಅಂಜಿಕಿ. ರುಚಿ ನೋಡಾಕ ಒಬ್ಬ ಆಳನ್ನ ಜೋಡಿ ಕರಕೊಂಡ ತಿರಗ್ತಿದ್ದ. ಹಂಗಿದ್ರೂ ಹೊಟ್ಟಿ ತುಂಬ ಉಂಡದ್ದು ಯಾರೂ ನೋಡಿರಲಿಲ್ಲ.

ಮನ್ಯಾಗ ಗಡಿಬಿಡಿ ಅಂದ್ರ ಗಡಿಬಿಡಿ. ಒಲಿ ಮ್ಯಾಲೆ ಬದನಿಕಾಯಿ ಎಣಗಾಯಿ ಕುದೀತಿತ್ತು. ನಿಂಬೆವ್ವ ಉಪ್ಪು ಹಾಕಿ ಹೊರಗ ಚಾಪಿ ಹಾಸಾಕ ಓಡಿದ್ಲು. ಪಾರವ್ವ ಹಿತ್ತಲದಿಂದ ಬಂದು ಮತ್ತೊಮ್ಮೆ ಉಪ್ಪು ಹಾಕಿದ್ಲು. ನಾನು ಕಂಡೆ, ನೀವು ಕಂಡ್ರಿ. ಅತ್ತಿ ಕಾಣಲಿಲ್ಲ, ಸೊಸಿ ಕಾಣಲಿಲ್ಲ. ನಾಲಿಗಿ ಮ್ಯಾಲೆ ಇಟ್ಟು ನೋಡೋರು ಆ ಮನ್ಯಾಗ ಯಾರದಾರ?

ದೊರಿ ಬಂದ, ಗೋಡಿಗೆ ಬೆನ್ನು ಹಚ್ಚಿ ಕುಂತ. ಸಾಲಿನ್ಯಾಗ ದಿನಾ ಬರೋ ಗಾಡಿಯವರೂ ಕುಂತಿದ್ರು. ಎಲ್ಲಾರ ಎಲಿಗೂ ರೊಟ್ಟಿ, ಎಣಗಾಯಿ ಬಿತ್ತು. ರುಚಿ ನೋಡೋ ಆಳು ಒಂದು ಚೂರು ನಾಲಿಗಿಗೆ ಹಚ್ಚಿದ, ಥೂ ಅಂತ ಉಗುಳಿದ. ಅವನಿಗಿಂತ ಮೊದಲಿದ್ದ ಆಳು ಅದ ಕೆಲಸದಾಗ ಸತ್ತಿದ್ದ. ಇವನು ಏನು ರುಚಿ ಅಂತ ನೋಡಾಕ ನಿಂದರತಾನೇನು?

"ದೊರೀ, ನಾಲಿಗಿ ಕಚ್ಚತೈತಿ. ಇದರಾಗ ಏನೋ ಐತಿ" ಅಂದ.

ದೊರಿ ಮಾರಿ ಬಿಳಿಚಿಕೊಂಡಿತು. "ಯಾರೂ ಎಲಿ ಮುಟ್ಟಬ್ಯಾಡ್ರಿ" ಅಂದ. ನಿಂಬೆವ್ವನ ಕಡೆ ತಿರುಗಿ, "ಮಾಡಿದಾಕಿ ನೀನೇನು? ಉಣ್ಣು ಇದನ್ನ" ಅಂದ.

"ಬಂದವರು ಉಣ್ಣೂ ಮುಂಚೆ ನಾ ಉಣ್ಣಂಗಿಲ್ಲ, ದೊರೀ. ನಮ್ಮ ಮನಿ ನೇಮ ಐತಿ" ಅಂದ್ಲು ನಿಂಬೆವ್ವ.

ಗಾಡಿ ಫಕೀರಪ್ಪ ಅನ್ನೋ ಮುದುಕ ಕೈ ಮುಗಿದ. "ಯಪ್ಪಾ, ನಾ ಉಣ್ತೀನಿ. ನನ್ನ ಹಲ್ಲು ಬಿದ್ದದ್ದ ಈ ಮನಿ ರೊಟ್ಟಿ ತಿಂದು."

"ನಿನ್ನ ಕೇಳಿಲ್ಲ. ಮಾಡಿದಾಕಿ ಉಣ್ಣಲಿ."

ದೊರಿ ಎರಡನೇ ಸಲ ಕೇಳಿದ. ಆಕಿ ಎರಡನೇ ಸಲ ಆಗಂಗಿಲ್ಲ ಅಂದ್ಲು. ಸಿಪಾಯಿಗಳು ಮುದಕಪ್ಪನ್ನ ಕಂಬಕ್ಕ ಕಟ್ಟಿದ್ರು.

ಮೂರನೇ ಸಲ ಕೇಳೋದ್ರಾಗ ಕತ್ತಿ ಒರಿಯಿಂದ ಹೊರಗ ಬಂದಿತ್ತು. "ಇದು ಕಡೀ ಮಾತು. ಉಣ್ತೀಯೋ, ಗಂಡನ್ನ ಕಳಕೋತೀಯೋ?"

ನಿಂಬೆವ್ವಗ ಏನನ್ನಿಸಿರಬೇಕು ಹೇಳ್ರಿ. ಉಣ್ಣಲಿಲ್ಲಂದ್ರ ಗಂಡ ಹೋಗ್ತಾನ. ಉಂಡ್ರ ಆಣಿ ಹೋಗ್ತೈತಿ, ಒಲಿ ಆರತೈತಿ, ಹೊಟ್ಟಿ ಮ್ಯಾಲೆ ತಣ್ಣೀರ ಬಟ್ಟಿ. ಮುದಕಪ್ಪ ಕಂಬದಿಂದ ಆಕಿ ಕಡೆ ನೋಡಿದ, ಬ್ಯಾಡ ಅಂತ ತಲಿ ಅಲ್ಲಾಡಿಸಿದ. ಆರಿದ್ರ ಆರಲಿ ಒಲಿ, ನನ್ನ ಗಂಡ ಉಳೀಲಿ ಅಂತ ಎಲಿಗೆ ಕೈ ಚಾಚಿದ್ಲು.

ಚಾಚಿದ ಕೈಯಾಗ ಸೌಟಿತ್ತು. ಗಾಬರಿಯೊಳಗ ಕೆಳಗಿಡೋದ ಮರತಿದ್ಲು. ಸೌಟು ಕಂಡ ಕೂಡಲೇ ಆಕಿ ಕೈ ನಿಂತಿತು.

"ದೊರೀ, ನಾನು ಉಣ್ತೀನಿ. ಆದ್ರ ನೀವು ಬಡಸ್ರಿ" ಅಂದ್ಲು.

"ನಾನಾ?"

"ಹೂನ್ರಿ. ಈ ಮನ್ಯಾಗ ಸೌಟು ಹಿಡಿದವರು ಮನಿಯವರು, ಸಾಲಿನ್ಯಾಗ ಕುಂತವರು ಬಂದವರು. ಬೇಕಾದ ಗಡಿಗಿಯಿಂದ ತಗೀರಿ, ನಿಮ್ಮ ಕೈಯಾರೆ ನನ್ನ ಎಲಿಗೆ ಹಾಕ್ರಿ, ಕಣ್ಣಾರೆ ನೋಡ್ರಿ. ನೀವು ಕೇಳಿದ್ದೂ ಆತು, ನನ್ನ ಆಣೀನೂ ಉಳೀತು."

ದೊರಿ ಆಕಿ ಮಾರಿ ನೋಡಿದ, ಸೌಟು ನೋಡಿದ. ವಿಷ ಹಾಕಿದಾಕಿ ಹಿಂಗ ಕೇಳ್ತಾಳೇನು ಅನ್ನೋ ಸಂಶೇ ಬಂತು. ಎದ್ದ. ಸೌಟು ತಗೊಂಡ. ನಿಂಬೆವ್ವ ಫಕೀರಪ್ಪನ ಮಗ್ಗಲ ಹೋಗಿ ಕುಂತ್ಲು. ದೊರಿ ಗಡಿಗಿ ತಳದಿಂದ ಎಣಗಾಯಿ ತಗದು ಬಡಿಸಿದ. ಆಕಿ ರೊಟ್ಟಿ ಮುರದು, ಅದ್ದಿ, ಬಾಯಾಗ ಇಟ್ಲು.

ಬಾಯಾಗ ಇಟ್ಟಾಕಿ ಹಂಗ ಕುಂತುಬಿಟ್ಲು. ಸಿಪಾಯಿ ಕತ್ತಿ ಮ್ಯಾಲೆತ್ತಿದ. ಮುದಕಪ್ಪ ಕಣ್ಣು ಮುಚ್ಚಿದ. ನಿಂಬೆವ್ವ ಮೆಲ್ಲಕ ನುಂಗಿದ್ಲು, ಬಾಗಿಲದಾಗ ನಿಂತಿದ್ದ ಸೊಸಿ ಕಡೆ ತಿರುಗಿದ್ಲು.

"ಪಾರವ್ವಾ, ಉಪ್ಪು ಹಾಕಿದ್ದಿಯೇನವ್ವಾ?"

"ಹಾಕೇನ್ರಿ ಅತ್ತೀ."

"ನಾನೂ ಹಾಕೇನಿ."

ಫಕೀರಪ್ಪ ಮೊದಲು ನಕ್ಕ. ಆಮ್ಯಾಲೆ ಸಾಲಿಗೆ ಸಾಲೇ ನಕ್ಕಿತು. ನಿಂಬೆವ್ವ ಮಾತ್ರ ನಗಲಿಲ್ಲ. ದೊರಿ ಕಣ್ಣೆದುರ ಎಲಿ ಬಳದು ಉಂಡ್ಲು, ಮತ್ತ ಹಾಕ್ರಿ ಅಂದ್ಲು, ಅದನ್ನೂ ಉಂಡ್ಲು. ದೊರಿ ಮುದಕಪ್ಪನ್ನ ಬಿಚ್ಚಿಸಿದ. ಸೌಟು ಇಟ್ಟು ತನ್ನ ಎಲಿಗೆ ಹೋಗಾಕ ಹೊಂಟ.

"ಎಲ್ಲಿಗೆ ಹೊಂಟ್ರಿ ದೊರೀ?" ಅಂದ್ಲು ನಿಂಬೆವ್ವ. "ಒಬ್ಬರಿಗೆ ಬಡಿಸಿ ಒಬ್ಬರನ್ನ ಬಿಟ್ರ ಪಂಕ್ತಿಭೇದ ಆಗ್ತೈತಿ. ಸೌಟು ಹಿಡಿದವರು ಈ ಸಾಲು ಏಳೂತನಕ ಉಣ್ಣಂಗಿಲ್ರಿ."

ಏನ್ ಮಾಡ್ತಾನ? ಬಡಿಸಿದ. ಗಾಡಿಯವರಿಗೆ ಬಡಿಸಿದ, ಸಿಪಾಯಿಗಳಿಗೆ ಬಡಿಸಿದ, ಉಗುಳಿದ್ದ ಆ ಆಳಿಗೂ ಬಡಿಸಿದ. ಒಬ್ಬರು ಮಜ್ಜಿಗಿ ಅಂದ್ರು, ಒಬ್ಬರು ರೊಟ್ಟಿ ಅಂದ್ರು. ದೊರಿ ಬೆವರು ಒರಸ್ಕೋತ ಓಡಾಡಿದ. ಎಲ್ಲಾರೂ ಉಂಡು, ಕೈ ತೊಳಕೊಂಡು, ಅಂಗಳದಾಗ ಎಲಿ ಅಡಿಕಿ ಹಾಕ್ಕೋತ ಕುಂತ ಮ್ಯಾಲೆ ಒಲಿ ಮುಂದ ದೊರಿ ಕುಂತ. ಒಂದು ಮಗ್ಗಲ ಮುದಕಪ್ಪ, ಒಂದು ಮಗ್ಗಲ ಪಾರವ್ವ. ಗಡಿಗಿ ತಳದಾಗ ಉಳಿದದ್ದನ್ನ ನಿಂಬೆವ್ವ ಬಡಿಸಿದ್ಲು.

ಆಳು ರುಚಿ ನೋಡಾಕ ಓಡಿ ಬಂದ. ದೊರಿ ಕೈ ಅಡ್ಡ ಹಿಡಿದ.

"ಬ್ಯಾಡ. ಎಲ್ಲಾರೂ ಉಂಡಾರಲ್ಲ" ಅಂದ.

ಅಂಗಳದಾಗ ಉಂಡವರು ನಗೋದು ಕೇಳ್ತಿತ್ತು. ಕಡೀಗೆ ಉಣ್ಣಾವಗ ಎಲ್ಲೀ ಅಂಜಿಕಿ? ತಮ್ಮ ಸತ್ತ ಮ್ಯಾಲೆ ಅವತ್ತ ಮೊದಲನೇ ಸಲ ದೊರಿ ಹೊಟ್ಟಿ ತುಂಬ ಉಂಡ. ಉಪ್ಪು ಹೆಚ್ಚಾಗೇತಿ ಅನ್ನಲಿಲ್ಲ. ಕಣ್ಣೀರು ಸುರೀತಿತ್ತು, ಒರಸ್ಕೊಳ್ಳಲಿಲ್ಲ.

ಅಲ್ಲಿಂದ ಮುಂದ ಅರಮನ್ಯಾಗ ಕುದುರಿ ಕಾಯಾವನಿಂದ ಹಿಡಿದು ಎಲ್ಲಾರೂ ಉಂಡ ಮ್ಯಾಲೇನ ದೊರಿ ಉಣ್ತಿದ್ನಂತ.

ಅವರು ಉಂಡ್ರು, ನೀವು ಕೇಳಿದ್ರಿ. ನನ್ನ ಬಾಯಿ ಒಣಗೇತಿ, ಯಾರರ ಒಂದು ಚರಿಗಿ ನೀರು ಕೊಡ್ರಿ. ಕತಿ ಮುಗೀತು.