ಬೆಟ್ಟವೋ, ಸಮುದ್ರವೋ

ಬಸ್ಸಿಗೆ ಸಾಲಿನಲ್ಲಿ ನಿಂತಿದ್ದ ನರ್ಸಮ್ಮನ ಕಿವಿ, ಮುಂದಿದ್ದ ತಲೆ ನೆರೆತ ಗಂಡಹೆಂಡಿರ ಮಾತಿನ ಮೇಲೇ ಇತ್ತು.

“ಬೇಸಿಗೆ ರಜಕ್ಕೆ ಎಲ್ಲರೂ ಸಮುದ್ರಕ್ಕೆ ಹೋಗೋಣ ಅಂತ ಮೊಮ್ಮಕ್ಕಳು ಕುಣೀತಿವೆ ಕಣ್ರೀ.”

“ಮತ್ತೆ ಸಮುದ್ರಾನಾ? ಜೀವಮಾನವೆಲ್ಲ ಹಡಗಿನಲ್ಲಿ ಅಡುಗೆ ಮಾಡ್ಕೊಂಡು ಅದನ್ನೇ ನೋಡಿದ್ದೀನಿ. ಬೆಟ್ಟಕ್ಕೆ ಹೋಗೋಣ ಕಣೇ.”

“ನೀವು ನೋಡಿದ್ದೀರಿ. ನಾನು?”

“ಬರೀ ಉಪ್ಪುನೀರು. ನೋಡೋಕೆ ಅದರಲ್ಲೇನಿದೆ?”

“ಅದೇ ನನಗೂ ಗೊತ್ತಾಗಬೇಕು. ಅಷ್ಟು ವರ್ಷ ನಿಮ್ಮನ್ನ ಇಟ್ಕೊಂಡಿದ್ದಳಲ್ಲ, ಆ ಸವತಿಯ ಮುಖ ನಾನೂ ಒಂದ್ಸಲ ನೋಡಬೇಡವಾ?”

ಮುದುಕ ತಲೆ ಕೆರೆದುಕೊಂಡ.

“ನೋಡಿ ಏನ್ಮಾಡ್ತೀಯ? ಜಗಳಕ್ಕೆ ನಿಲ್ಲಲ್ಲ ತಾನೇ?”

“ಜಗಳ ಯಾಕೆ? ಪ್ರತಿ ಸಲವೂ ನಿಮ್ಮನ್ನ ವಾಪಸ್ ಕಳಿಸಿದಳಲ್ಲ, ಅದಕ್ಕೊಂದು ಕೈಮುಗಿದು ಬರ್ತೀನಿ.”

ಬಸ್ಸು ಬಂತು. ಬೆಟ್ಟದ ಮಾತನ್ನು ಅಲ್ಲೇ ಬಿಟ್ಟು, ಮುದುಕ ಹೆಂಡತಿಯ ಕೈಹಿಡಿದು ಹತ್ತಿಸಿದ.