ಇಪ್ಪತ್ತೆರಡು ಕ್ಲಾಂಪು

ಬಸ್ಸಿಳಿದಾಗ ರಾತ್ರಿ ಹನ್ನೊಂದು ದಾಟಿತ್ತು. ನನ್ನ ಚಿಕ್ಕಮ್ಮನ ಮಗ ಟಾರ್ಚ್ ಹಿಡಿದು ನಿಂತಿದ್ದ. ‘ಬಂದೆಯಾ ಅಕ್ಕ’ ಅಂದು ಚೀಲ ಇಸಿದುಕೊಂಡ, ಅಷ್ಟೇ. ಅವನ ಹೆಂಡತಿ ತೀರಿಹೋಗಿ ಮೂರು ವಾರವಾಗಿತ್ತು. ನಾನಿರುವುದು ಎರಡು ದಿನದ ದಾರಿ, ಕಾಲುನೋವು ಬೇರೆ, ಬರಬೇಕಾದ ಹೊತ್ತಿಗೆ ಬರಲಾಗಿರಲಿಲ್ಲ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಅವನ ಮುಖ ನೋಡಿ ‘ಬಸ್ಸು ತಡವಾಯ್ತು ಕಣೋ’ ಅಂದೆ. ಅವನು ಅತ್ತೇ ಇಲ್ಲವೆಂದು ಫೋನಿನಲ್ಲಿ ಎಲ್ಲರೂ ಹೇಳಿದ್ದರು. ಅಳದವನನ್ನು ಸಮಾಧಾನ ಮಾಡುವುದು ಹೇಗೆ?

ಮನೆಗೆ ಹೋಗುವ ಓಣಿಯಲ್ಲಿ ಒಂದು ಹಳೇ ಬಾವಿ. ಈಗ ಯಾರೂ ನೀರು ಸೇದುವುದಿಲ್ಲ, ಮೇಲೆ ಕಬ್ಬಿಣದ ಜಾಲರಿ ಹಾಕಿ ಬೀಗ ಜಡಿದಿದ್ದಾರೆ. ಅದರ ಹತ್ತಿರ ಬಂದಾಗ ಅವನು ನಿಂತ. ಟಾರ್ಚ್ ಆರಿಸಿದ. ಬಗ್ಗಿ ಜಾಲರಿಗೆ ಕಿವಿ ಇಟ್ಟ... ಕೆಳಗೆಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ಟಪ್... ಟಪ್...

‘ಏನೋ ಅದು?’ ಪಿಸುಗುಟ್ಟಿದೆ.

‘ಏನಿಲ್ಲ. ಇಲ್ಲಿ ಬರೀ ನೀರು.’

ಮತ್ತೆ ಟಾರ್ಚ್ ಹಾಕಿ ನಡೆದ. ನಾನೂ ನಡೆದೆ.

ಇವನನ್ನು ನಾವೆಲ್ಲ ಇಂಚುಪಟ್ಟಿ ಅಂತಲೇ ಕರೆಯುವುದು. ಚಿಕ್ಕವನಿದ್ದಾಗ ಬೆಕ್ಕಿನ ಬಾಲವನ್ನೂ ಬಿಡದೆ ಅಳೆದವನು. ದೊಡ್ಡವನಾದ ಮೇಲೆ ಮರಗೆಲಸ ಹಿಡಿದ. ಬಾಗಿಲು, ಮಂಚ ಮಾಡಿ ಸಾಕಾಗಿ ಸ್ಪೀಕರ್ ಪೆಟ್ಟಿಗೆಗೆ ಇಳಿದ. ಮನೆಯಲ್ಲೇ ಸಿನಿಮಾ ಮಂದಿರದ ಹಾಗೆ ಕೇಳಬೇಕು ಅನ್ನುವವರಿಗೆ ದೊಡ್ಡ ದೊಡ್ಡ ಹಾರ್ನ್ ಪೆಟ್ಟಿಗೆ. ಹೊರಗಿನಿಂದ ನೋಡಿದರೆ ಬೀರು. ಒಳಗೆ ಮಾತ್ರ ಒಂದು ದಾರಿ ಇರುತ್ತದೆ. ಹಿಂದೆ ತಟ್ಟೆಯಗಲದ ತೂತು, ಅದಕ್ಕೆ ಗಂಟಲು ಅನ್ನುತ್ತಾರೆ. ಅಲ್ಲಿಂದ ಶುರುವಾದ ದಾರಿ ಮೂರು ಸಲ ಮಡಚಿಕೊಂಡು, ಅಗಲವಾಗುತ್ತ ಆಗುತ್ತ, ಮುಂದೆ ಕಿಟಕಿಯಷ್ಟು ದೊಡ್ಡ ಬಾಯಿಯಾಗಿ ತೆರೆಯುತ್ತದೆ. ಗಂಟಲಿಗೆ ಸ್ಪೀಕರ್ ಕೂರಿಸಿದರೆ ಸಣ್ಣ ಸದ್ದು ಬಾಯಿಗೆ ಬರುವಷ್ಟರಲ್ಲಿ ಎದೆ ನಡುಗಿಸುತ್ತದೆ.

ಪೆಟ್ಟಿಗೆಯ ಒಂದು ಕೀಲಿನಲ್ಲಿ ಕೂದಲೆಳೆಯಷ್ಟು ಸಂದಿ ಇದ್ದರೂ ಎಲ್ಲ ಹಾಳು, ಬುಸ್ ಅನ್ನುತ್ತದಂತೆ. ಅದಕ್ಕೇ ಸ್ಪೀಕರ್ ಕೂರಿಸುವ ಮೊದಲು ಒಂದು ಪರೀಕ್ಷೆ. ಒಬ್ಬರು ದೊಡ್ಡ ಬಾಯಿಯ ಎದುರು ಕೂತು ಪಿಸುಗುಡಬೇಕು, ಇನ್ನೊಬ್ಬರು ಗಂಟಲಿಗೆ ಕಿವಿಕೊಟ್ಟು ಕೇಳಬೇಕು. ಹದಿನೆಂಟು ವರ್ಷ ಪಿಸುಗುಟ್ಟಿದವಳು ಅವನ ಹೆಂಡತಿ. ಗಂಡನನ್ನು ಬೈಯಲು ಅವಳಿಗೆ ಸಿಕ್ಕ ಒಳ್ಳೇ ಜಾಗ ಅದು. ‘ಮದುವೆ ದಿನ ನನ್ನನ್ನೂ ಅಳೆದು ನೋಡಿದ್ರಲ್ಲ, ಹೊಂದಿಕೊಂಡೆನಾ?’ ಅಂತ ಅವಳು ಒಳಗೆ ಉಸುರಿದರೆ ಇವನು ಆ ಕಡೆಯಿಂದ ‘ಕಾಲಿಂಚು ಹೆಚ್ಚು’ ಅನ್ನುತ್ತಿದ್ದ. ನಾನೇ ಕಣ್ಣಾರೆ ನೋಡಿದ್ದೇನೆ.

ಅವಳು ಹೋದಾಗ ಅವನ ಕೈಯಲ್ಲಿ ಒಬ್ಬ ಹಲ್ಲಿನ ಡಾಕ್ಟರ ಜೋಡಿ ಪೆಟ್ಟಿಗೆ ಇತ್ತು. ಒಂದು ಆಗಲೇ ಅವರ ಮನೆ ಸೇರಿತ್ತು. ಎರಡನೆಯದಕ್ಕೆ ಕೊನೆಯ ಹಲಗೆ ಕೂರಿಸುತ್ತಿದ್ದ ಸಂಜೆ ಅದು ನಡೆದದ್ದು.

ಅಂಟು ಹಚ್ಚಿದ ಮೇಲೆ ಮರದವನು ಕೈ ಬಿಡುವಂತಿಲ್ಲ. ಸುತ್ತ ಕ್ಲಾಂಪು ಹಾಕಿ ಒಂದೊಂದರ ತಿರುಪನ್ನೂ ಬಿಗಿಯಲೇಬೇಕು, ಇಲ್ಲದಿದ್ದರೆ ಹಲಗೆ ಜಾರಿ ತಿಂಗಳ ಕೆಲಸ ಒಲೆಗೆ. ಇವನ ಶೆಡ್ಡು ಹಿತ್ತಿಲಲ್ಲಿ, ಎದುರಿಗೇ ಅಡುಗೆಮನೆಯ ಬಾಗಿಲು. ಒಳಗಿನಿಂದ ಅವಳು ಕರೆದಳು. ‘ರೀ... ಸ್ವಲ್ಪ ಬನ್ನಿ.’ ಇವನು ಕೂತಲ್ಲಿಂದಲೇ ‘ಅಂಟು ಹಚ್ಚಿದೀನಿ ಕಣೇ, ಬಂದೆ’ ಅಂದ. ಅವಳು ಮತ್ತೆ ಕರೆಯಲಿಲ್ಲ. ಇವನು ಕ್ಲಾಂಪುಗಳನ್ನೆಲ್ಲ ಬಿಗಿದು, ಹಿತ್ತಿಲ ನಲ್ಲಿಯಲ್ಲಿ ಕೈ ತೊಳೆದುಕೊಂಡು ಹೋದ. ಅವಳು ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು, ಪಕ್ಕದಲ್ಲಿ ನೀರಿನ ಲೋಟ ಉರುಳಿತ್ತು.

‘ಹೃದಯ ನಿಂತದ್ದು ಒಂದೇ ಕ್ಷಣದಲ್ಲಂತೆ ಅಕ್ಕ. ಕರೆದಾಗಲೇ ಹೋಗಿಬಿಟ್ಟಿದ್ಲು. ನಾನು ಓಡಿ ಬಂದಿದ್ರೂ ಏನೂ ಆಗ್ತಿರಲಿಲ್ಲ ಅಂತ ಆಸ್ಪತ್ರೆಯಲ್ಲಿ ಹೇಳಿದ್ರು.’

ಇದನ್ನು ಅವನು ನಾನು ಬಂದ ರಾತ್ರಿಯೇ ನನಗೆ ಮೂರು ಸಲ ಹೇಳಿದ. ಮೂರು ಸಲವೂ ಅವೇ ಮಾತು, ಅದೇ ಸ್ವರ, ಬಾಯಿಪಾಠ ಒಪ್ಪಿಸಿದ ಹಾಗೆ. ಅವನು ಆ ಮಾತಿನ ಮೇಲೆ ಜೀವ ಹಿಡಿದುಕೊಂಡಿದ್ದಾನೆ ಅನ್ನುವುದು ನನಗೆ ತಿಳಿಯಿತು. ಅದೊಂದನ್ನು ಎಳೆದರೆ ಮನುಷ್ಯ ಉಳಿಯುವುದಿಲ್ಲ.

ಮಾರನೆಯ ರಾತ್ರಿ ಊಟವಾದ ಮೇಲೆ ಶೆಡ್ಡಿಗೆ ಕರೆದ. ಬೀದಿಯ ಸದ್ದು ಅಡಗಿದ ಮೇಲೇ ಪರೀಕ್ಷೆ ಮಾಡಲಾಗುವುದು. ಪೆಟ್ಟಿಗೆ ನನಗಿಂತ ಎತ್ತರವಿತ್ತು. ಬಾಯಿ ಅಡುಗೆಮನೆಯ ಕಡೆಗಿತ್ತು, ಅಂದು ಇದ್ದ ಹಾಗೇ. ಅವನು ಹಿಂದೆ ಹೋದ. ನಾನು ಸ್ಟೂಲಿನ ಮೇಲೆ ಕೂತು ಆ ಕತ್ತಲೆಗೆ ಮುಖ ಕೊಟ್ಟೆ. ಹೊಸ ಮರದ ವಾಸನೆ. ಒಳಗಿನ ಗಾಳಿ ತಣ್ಣಗಿತ್ತು.

‘ಏನು ಹೇಳಲೋ?’

‘ಏನಾದ್ರೂ. ಅವಳು ಬೈತಿದ್ಲು.’

ಬೈಯುವುದಕ್ಕೆ ನನಗೆ ಬಾಯಿ ಬರಲಿಲ್ಲ. ಒಂದು, ಎರಡು, ಮೂರು ಅಂತ ಎಣಿಸತೊಡಗಿದೆ, ಪಿಸುಮಾತಿನಲ್ಲಿ. ಏಳರ ಹತ್ತಿರ ಬಂದಿರಬೇಕು. ಹಿಂದಿನಿಂದ ಅವನ ದನಿ ಬಂತು. ಗಾಬರಿಯಿಲ್ಲ, ಏನೂ ಇಲ್ಲ.

‘ಅಕ್ಕ... ಇಬ್ಬರೂ ಒಟ್ಟಿಗೆ ಮಾತಾಡಬೇಡಿ.’

ನಾನು ನಿಲ್ಲಿಸಿದೆ... ಶೆಡ್ಡಿನಲ್ಲಿ ಟ್ಯೂಬ್‌ಲೈಟು ಜುಯ್ಯ್ ಅನ್ನುತ್ತಿತ್ತು. ಬೇರೆ ಸದ್ದಿರಲಿಲ್ಲ. ನನ್ನ ಪಕ್ಕದಲ್ಲಿ ಯಾರೂ ಇರಲಿಲ್ಲ. ನೋಡಿದೆ, ಅದಕ್ಕೇ ಹೇಳುತ್ತಿದ್ದೇನೆ.

ಎದ್ದು ಹಿಂದಕ್ಕೆ ಹೋದೆ. ಅವನು ಗಂಟಲಿಗೆ ಕಿವಿಯಿಟ್ಟು ಕಣ್ಣು ಮುಚ್ಚಿ ಕೂತಿದ್ದ. ಏನು ಕೇಳಿಸುತ್ತದೆ ಅಂತ ಕೇಳಿದೆ.

‘ಮೊದಲು ಬರೀ “ರೀ” ಅಂತಿತ್ತು. ಒಂದು ವಾರ ಅಷ್ಟೇ. ಈಗ “ಸ್ವಲ್ಪ ಬನ್ನಿ” ತನಕ ಬಂದಿದೆ. ದಿನಾ ಒಂಚೂರು ಮುಂದೆ ಬರುತ್ತೆ. ಏನಕ್ಕೆ ಕರೆದ್ಲು ಅಂತ ಗೊತ್ತಾಗಬೇಕು ಅಕ್ಕ. ಆಮೇಲೆ ಸ್ಪೀಕರ್ ಕೂರಿಸಿ ಮುಚ್ಚಿಬಿಡ್ತೀನಿ.’

ನಾನು ಅವನ ಭುಜ ಮುಟ್ಟಿ, ಮಲಗು ನಡಿ ಅಂದೆ. ಮಲಗಲಿಲ್ಲ. ಮೂರು ವಾರದಿಂದ ಮಲಗಿಲ್ಲವೆಂದು ಪಕ್ಕದ ಮನೆಯಾಕೆ ಬೆಳಿಗ್ಗೆ ಹೇಳಿದಳು, ರಾತ್ರಿಯಿಡೀ ಶೆಡ್ಡಿನ ದೀಪ ಉರಿಯುತ್ತದಂತೆ.

ಆ ಮಧ್ಯಾಹ್ನ ಅವನು ಮರಳು ಕಾಗದ ತರಲು ಅಂಗಡಿಗೆ ಹೋದ. ನಾನು ಶೆಡ್ಡಿಗೆ ಹೋದೆ. ದುಃಖಕ್ಕೆ ತಲೆ ಕೆಟ್ಟಿದೆ, ಒಳಗೆ ಏನೂ ಇಲ್ಲ ಅಂತ ನನಗೆ ನಾನೇ ತೋರಿಸಿಕೊಳ್ಳುವುದಿತ್ತು. ಹಗಲು, ಬಿಸಿಲು, ಹೊರಗೆ ಯಾರೋ ಚಾಪೆ ಕೊಡವುತ್ತಿದ್ದರು. ಗಂಟಲಿಗೆ ಕಿವಿಯಿಟ್ಟೆ.

ಬಹಳ ಹೊತ್ತು ಏನೂ ಇಲ್ಲ... ಆಮೇಲೆ ಹತ್ತಿರದಲ್ಲೇ, ನನ್ನ ಕೆನ್ನೆಗೆ ಉಸಿರು ತಾಗುವಷ್ಟು ಹತ್ತಿರದಲ್ಲಿ, ‘ರೀ... ಸ್ವಲ್ಪ ಬನ್ನಿ.’

ನಾನು ಕಿವಿ ತೆಗೆಯಲಿಲ್ಲ. ಯಾಕೆ ತೆಗೆಯಲಿಲ್ಲವೋ.

ಆಮೇಲೆ ದೂರದಿಂದ ಇನ್ನೊಂದು ದನಿ. ಅವನದು. ‘ಅಂಟು ಹಚ್ಚಿದೀನಿ ಕಣೇ, ಬಂದೆ.’ ಹಿತ್ತಿಲಾಚೆಯಿಂದ ಬಂದ ಹಾಗೆ. ಅವಳು ಕೂತಲ್ಲಿ ಅವಳಿಗೆ ಹೇಗೆ ಕೇಳಿಸಿತ್ತೋ ಹಾಗೆ.

ಆಮೇಲೆ ಕಿರ್ರ್... ಕಿರ್ರ್... ಟಕ್. ಒಂದು ಕ್ಲಾಂಪು ಬಿಗಿದ ಸದ್ದು. ಮತ್ತೆ ಕಿರ್ರ್... ಕಿರ್ರ್... ಟಕ್. ಎರಡು. ನಡುನಡುವೆ, ಹತ್ತಿರದಲ್ಲಿ, ಉಸಿರು. ಮೂಗಿನಲ್ಲಲ್ಲ, ಬಾಯಲ್ಲಿ ಎಳೆದು ಬಿಡುವ ಉಸಿರು. ಬೆರಳು ಮಡಚಿ ಎಣಿಸಿದೆ. ಹತ್ತಾದ ಮೇಲೆ ಉಸಿರು ಗೊರಗೊರ ಅನ್ನತೊಡಗಿತು. ಹದಿನೈದು. ಹತ್ತೊಂಬತ್ತು. ಇಪ್ಪತ್ತೆರಡಕ್ಕೆ ಕಿರ್ರ್ ನಿಂತಿತು. ನಲ್ಲಿ ತಿರುಗಿಸಿದ ಸದ್ದು, ಬಕೆಟ್ಟಿಗೆ ನೀರು ಸೊರ್ರ್ ಅಂತ ಬಿತ್ತು. ಅವನು ಕೈ ತೊಳೆಯುತ್ತಿದ್ದ, ಬೆರಳಿನ ಅಂಟೆಲ್ಲ ಹೋಗುವ ತನಕ. ನಲ್ಲಿ ನಿಂತಿತು.

ಆಗ ಅವಳು ಕೇಳಿದಳು. ತೀರಾ ಮೆಲ್ಲಗೆ.

‘ಬಂದ್ರಾ?’

ಲೋಟ ನೆಲಕ್ಕೆ ಬಿದ್ದು, ಅರ್ಧ ಸುತ್ತು ಉರುಳಿ ನಿಂತಿತು. ಆಮೇಲೆ ಏನೂ ಇರಲಿಲ್ಲ.

ನನಗೆ ಭಯವಾಗಲಿಲ್ಲ, ಅಳುವೂ ಬರಲಿಲ್ಲ. ಕಾಲು ಜೋಮು ಹಿಡಿದಿತ್ತು, ಅಷ್ಟೇ ಗೊತ್ತಾದದ್ದು. ಗೋಡೆಗೆ ತೂಗುಹಾಕಿದ್ದ ಕ್ಲಾಂಪುಗಳನ್ನು ಎಣಿಸಿದೆ. ಇಪ್ಪತ್ತೆರಡು. ಒಳಗೆ ಹೋಗಿ, ಗೋಡೆಯಲ್ಲಿ ಬರೆದಿದ್ದ ನಂಬರು ನೋಡಿ ನನ್ನ ಮೊಬೈಲಿನಿಂದ ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿ, ಪೆಟ್ಟಿಗೆ ತಯಾರಾಗಿದೆ, ಸಂಜೆಯೊಳಗೆ ನಿಮ್ಮ ಸ್ಪೀಕರ್ ತಂದು ಕೂರಿಸಿಕೊಂಡು ಹೋಗಿ ಅಂದೆ. ಇನ್ನೂ ಪಾಲಿಶ್ ಆಗಿಲ್ಲವಲ್ಲಮ್ಮ ಅಂದರು. ಪಾಲಿಶ್ ನಿಮ್ಮ ಮನೆಯಲ್ಲೇ ಆಗುತ್ತೆ ಅಂದೆ.

ಇಂಚುಪಟ್ಟಿ ಬಂದವನು ಗೇಟಿನ ಮುಂದೆ ಡಾಕ್ಟರ ವ್ಯಾನು ನೋಡಿ ನಿಂತ. ಕೋಪ ಮಾಡಿಕೊಳ್ಳಲಿಲ್ಲ. ಅವನಲ್ಲಿ ಕೋಪಕ್ಕೂ ಜಾಗವಿರಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ.

‘ನೀನೂ ಕೇಳಿದೆಯಾ?’

‘ಕೇಳಿದೆ ಕಣೋ. ಏನೂ ಇಲ್ಲ ಒಳಗೆ.’

‘ಬನ್ನಿ ಅಂದ ಮೇಲೆ?’

‘ಬನ್ನಿ ಅನ್ನೋದೂ ಇಲ್ಲ. ನಿದ್ದೆಗೆಟ್ಟ ಕಿವಿ ನಿಂದು.’

ಅವನು ನನ್ನ ಮುಖವನ್ನೇ ನೋಡಿದ, ಅಳತೆ ತೆಗೆಯುವ ಹಾಗೆ. ನಾನು ಕಣ್ಣು ತಪ್ಪಿಸಲಿಲ್ಲ. ಅಷ್ಟು ದೊಡ್ಡ ಸುಳ್ಳು ನನ್ನ ಆಯುಷ್ಯದಲ್ಲಿ ಇನ್ನೊಂದು ಹೇಳಿಲ್ಲ. ಅವನು ಸ್ಪ್ಯಾನರ್ ತಂದ. ಸ್ಪೀಕರನ್ನು ಗಂಟಲಿಗೆ ಕೂರಿಸಿ ಎಂಟು ಬೋಲ್ಟು ತಾನೇ ಬಿಗಿದ. ಎಂಟನೆಯದಕ್ಕೆ ಬಂದಾಗ ಒಂದು ಗಳಿಗೆ ತಡೆದ. ಆಮೇಲೆ ಅದನ್ನೂ ಬಿಗಿದ.

ಆ ರಾತ್ರಿ ಮಲಗಿದ. ಮರುದಿನ ಮಧ್ಯಾಹ್ನ ಎದ್ದು, ಅಡುಗೆಮನೆಯಲ್ಲಿ ಆ ಗೋಡೆಯ ಹತ್ತಿರ ಕೂತು ಅತ್ತ. ನಾನು ಹೊರಗೆ ನಿಂತಿದ್ದೆ.

ನಾನು ಊರಿಗೆ ಮರಳಿ ಎರಡು ತಿಂಗಳಾದ ಮೇಲೆ ಹಲ್ಲಿನ ಡಾಕ್ಟರ ಫೋನು ಬಂತು. ಪೆಟ್ಟಿಗೆ ಬಹಳ ಚೆನ್ನಾಗಿದೆ, ಎದುರುಮನೆಯವರು ಜಗಳಕ್ಕೆ ಬರುವಷ್ಟು ಚೆನ್ನಾಗಿದೆ ಎಂದು ನಕ್ಕರು. ಒಂದೇ ಒಂದು ವಿಷಯ. ಸಂಜೆ ಹೊತ್ತು, ಎಲ್ಲ ಆಫ್ ಮಾಡಿದ್ದಾಗ, ಎಡಗಡೆಯದು, ಆಮೇಲೆ ಬಂದದ್ದು, ಕಿರ್ ಕಿರ್ ಅನ್ನುತ್ತದೆ. ಮರ ಒಣಗುವ ಸದ್ದಿರಬೇಕು, ತಮ್ಮನಿಗೆ ಹೇಳಲಾ ಅಂತ ಕೇಳಿದರು. ಹೇಳಬೇಡಿ ಅಂದೆ. ಎಷ್ಟು ಸಲ ಅನ್ನುತ್ತೆ ಅಂತ ಕೇಳಿದೆ. ಅದನ್ನೆಲ್ಲ ಯಾರು ಎಣಿಸ್ತಾರಮ್ಮ ಅಂದರು.

ಮಾರನೆಯ ದಿನ ಅವರೇ ಮತ್ತೆ ಫೋನ್ ಮಾಡಿದರು.

‘ನಮ್ಮಾಕೆ ಎಣಿಸಿದ್ಲು. ಇಪ್ಪತ್ತೆರಡು.’

‘ಆಮೇಲೆ?’

‘ಆಮೇಲೇನಿಲ್ಲ. ಹಿತ್ತಿಲಲ್ಲಿ ನಲ್ಲಿ ಬಿಟ್ಟುಬಂದಿದೀನೇನೋ ಅಂತ ಅವಳು ಎದ್ದು ಹೋಗಿ ನೋಡ್ತಾಳೆ. ದಿನಾ. ನೋಡಿದ್ರೆ ನಿಂತೇ ಇರುತ್ತೆ.’

ನಲ್ಲಿಯ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ನಂಬುವುದು ಬಿಡುವುದು ನಿಮ್ಮಿಷ್ಟ. ನನ್ನ ಕಿವಿ ಆಗ ಚೆನ್ನಾಗಿತ್ತು.