ಒಂಬತ್ತು ಹತ್ತರ ಗೆರೆ

೧೯೮೬ ನವೆಂಬರ್ ೧೭, ಸೋಮವಾರ. ಚಿಕ್ಕಮ್ಮನ ಮಗ ಆಸ್ಪತ್ರೆಯ ಮಂಚದ ಮೇಲೆ ಹೇಳಿದ್ದನ್ನು ಅಂದೇ ನನ್ನ ಡೈರಿಯಲ್ಲಿ ಬರೆದಿಟ್ಟೆ.

ಅವನು ಲೆಕ್ಕದ ಮೇಷ್ಟ್ರು. ಮೊದಲ ಮಗು ಮುಚ್ಚಿದ ರೈಲ್ವೆ ಗೇಟಿನ ಮುಂದೆ, ಕಾರಿನಲ್ಲೇ ಹುಟ್ಟಿ ಕಾರಿನಲ್ಲೇ ತೀರಿಹೋಗಿತ್ತು. ಹೆಂಡತಿ ಮತ್ತೆ ಬಸುರಿ. ಮೇಲ್ಸೇತುವೆಗೆ ಅರ್ಜಿ ಹಾಕಬೇಕೆಂದು, ಗೇಟು ಬಿದ್ದಾಗಲೆಲ್ಲ ಗಂಡಹೆಂಡಿರು ಕಿಟಕಿಯಿಂದ ನೋಡಿ ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯುತ್ತಿದ್ದರು. ದಿನಕ್ಕೆ ಇಪ್ಪತ್ತಮೂರು. ಗೇಟ್‌ಮ್ಯಾನ್‌ನ ರಿಜಿಸ್ಟರಿನಲ್ಲಿ ಇಪ್ಪತ್ತೆರಡೇ. "ತಾಳೆಯಾಗದ ಲೆಕ್ಕ ಕಳಿಸಿ ನಗೆಪಾಟಲಾಗಬೇಡ, ಹೋಗಿ ಕೇಳು" ಎಂದವಳು ಬಿ.ಎ. ಓದಿದ ಅವನ ಅಕ್ಕ. ನಾನೇ.

ಅವನು ನನ್ನ ಮನೆಯಿಂದ ಹೊರಟು ಪಾಳು ಬಾವಿ ದಾಟಿ ಗೇಟಿಗೆ ಬಂದಾಗ ರಾತ್ರಿ ಒಂಬತ್ತು ಗಂಟೆ ಹತ್ತು ನಿಮಿಷ. ಟಣ್... ಟಣ್... ಗೇಟು ಬಿತ್ತು.

"ಸ್ಟೇಷನ್‌ನಿಂದ ಫೋನ್ ಬಂತಾ?"

"ಇಲ್ಲ ಮೇಷ್ಟ್ರೇ... ಮೆಲ್ಲಗೆ."

"ಮತ್ಯಾಕೆ ಹಾಕ್ದೆ?"

"ನಾನೆಲ್ಲಿ ಹಾಕ್ದೆ? ದಿನಾ ತಾನೇ ಬೀಳುತ್ತೆ... ಉಸಿರು ಬಿಗಿಹಿಡಿದು ನಿಂತ್ರೆ ತಾನೇ ಏಳುತ್ತೆ. ಫೋನಿಲ್ಲದ್ದನ್ನ ನಾನು ಬರೆಯಲ್ಲ."

ಮೇಷ್ಟ್ರು ನಕ್ಕ. "ಎಷ್ಟು ಏರಿಸಿದ್ದೀಯಪ್ಪಾ? ಫೋನಿಲ್ಲ ಅಂದ್ರೆ ರೈಲಿಲ್ಲ. ಈ ಗೆರೆ ಹೊಡೆದು ಹಾಕ್ತೀನಿ, ಬಿಡು."

ಮನೆ ಆಚೆಗೇ. ನೋಟ್‌ಬುಕ್ ಬಲಗೈಯಲ್ಲಿ ಹಿಡಿದು ಗೇಟಿನಡಿ ನುಸುಳಿದ.

ಹಳಿ ಸಣ್ಣಗೆ ಗುಂಯ್ ಎಂದಿತು... ದೀಪವಿಲ್ಲ. ಶಿಳ್ಳೆಯಿಲ್ಲ. ಜಲ್ಲಿಕಲ್ಲು ಮಾತ್ರ ಚಟಚಟ ಕುಣಿಯಿತು. ಗೇಟ್‌ಮ್ಯಾನ್ ಓಡಿಬಂದು ಅವನ ಎಡತೋಳು ಹಿಡಿದೆಳೆದ. ಅಷ್ಟರಲ್ಲಿ ಕಟಕಟ, ಕಟಕಟ... ಕತ್ತಲೆಯೇ ಬಂದು ಅಪ್ಪಳಿಸಿತು. ಎಲುಬು ಲಟಕ್ಕೆಂದದ್ದು ಮೊದಲು ಕೇಳಿತು, ನೋವು ಆಮೇಲೆ. ಮುಖಕ್ಕೆ ಬಿಸಿ ರಕ್ತ ರಾಚಿತು. ಎಡತೋಳಿನ ಹಿಡಿತ ಮಾತ್ರ ಸಡಿಲಲೇ ಇಲ್ಲ. ತಿರುಗಿ ನೋಡಿದ. ಆ ಕೈ ಇತ್ತು... ಮೊಣಕೈಯಾಚೆ ಗೇಟ್‌ಮ್ಯಾನ್ ಇರಲಿಲ್ಲ.

ಎಂಟೂವರೆಯಿಂದ ಹತ್ತೂ ಇಪ್ಪತ್ತರವರೆಗೆ ಆ ಹಳಿಯ ಮೇಲೆ ರೈಲೇ ಓಡಿಲ್ಲವೆಂದು ಸ್ಟೇಷನ್‌ನವರು ಬರೆದುಕೊಟ್ಟರು. ಆ ಕಾಗದ ನನ್ನಲ್ಲಿದೆ. ನಂಬದವರು ಬಂದು ನೋಡಲಿ.

ಹೋದದ್ದು ಇಷ್ಟು. ಗೇಟ್‌ಮ್ಯಾನ್‌ನ ಪ್ರಾಣ. ಮೇಷ್ಟ್ರ ಬಲಗೈ, ಮೊಣಕೈಯಿಂದ ಕೆಳಗೆ; ಎಷ್ಟು ಹುಡುಕಿದರೂ ಸಿಗಲಿಲ್ಲ. ಅರ್ಜಿ ಹೋಗಲಿಲ್ಲ, ಸೇತುವೆ ಬರಲಿಲ್ಲ. ಹೆಂಡತಿ ತವರಿಗೆ ಹೋಗಿ ಹೆತ್ತವಳು ಈ ಮನೆಗೆ ಮರಳಲಿಲ್ಲ.

ನೋಟ್‌ಬುಕ್ ಬಾವಿಕಟ್ಟೆಯ ಮೇಲೆ ಸಿಕ್ಕಿತು. ನನ್ನ ಬೀರುವಿನಲ್ಲಿ, ಬೀಗದೊಳಗಿದೆ. ದಿನಕ್ಕೊಂದು ಗೆರೆ ಹೆಚ್ಚುತ್ತದೆ, ಪಕ್ಕದಲ್ಲಿ "೯-೧೦" ಎಂದು. ಬರಹ ಅವನದೇ, ಬಲಗೈಯದು.

ಹಾಳೆ ಮುಗಿದಾಗಲೆಲ್ಲ ನಾನೇ ಹೊಸದು ಹೊಲಿದಿಡುತ್ತೇನೆ.